ಅಡಿಕೆ ಸುಲಿಯುವಾಗ ಕಂಡ ದೀಪದ ಸಾಲು: ಅದನ್ನು ಹೊಡೆದು ಉರುಳಿಸಬಹುದಾ?

ಮೆಟ್ಟುಗತ್ತಿ (ತೀರ್ಥಹಳ್ಳಿ ಕಡೆ):

ಮೊನ್ನೆ ಸಂಜೆ ಏಳು ಗಂಟೆ ಹೊತ್ತಿಗೆ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದೆವು, ಎಂಟು ಹತ್ತು ಜನ. ಪಡುವಣದ ಗುಡ್ಡದ ಮೇಲಿಂದ ದೀಪದ ಸಾಲೊಂದು ಎದ್ದು ಬಂತು. ಮಣಿ ಪೋಣಿಸಿದ ಹಾಗೆ, ಒಂದರ ಹಿಂದೆ ಒಂದು, ಸದ್ದೇ ಇಲ್ಲ, ತೋಟದ ಮೇಲೆ ಹಾದು ನೆತ್ತಿ ದಾಟಿ ಮೂಡಣಕ್ಕೆ ಹೋಗುತ್ತಾ ಒಂದೊಂದೇ ಆರಿಹೋದವು. ಎಲ್ಲರ ಕೈಯೂ ನಿಂತಿತ್ತು.

ದೊಡ್ಡಪ್ಪ ಕೂಡಲೇ "ಚೀನಾದವರದ್ದು, ನಮ್ಮನ್ನು ನೋಡೋಕೆ ಬಿಟ್ಟಿದ್ದಾರೆ" ಅಂತ ತೀರ್ಪು ಕೊಟ್ಟರು. ಪಕ್ಕದ ಮನೆ ಹುಡುಗ "ಬಿಡಿ, 2019ರಲ್ಲಿ ನಾವೂ ಒಂದು ಉಪಗ್ರಹ ಹೊಡೆದಿದ್ದೇವೆ, ಬೇಕಾದರೆ ಇವನ್ನೂ ಹೊಡೆಯುತ್ತೇವೆ" ಅಂದ. ಅಲ್ಲಿಂದ ಶುರುವಾದ ಜಗಳ ಊಟದವರೆಗೂ ನಡೆಯಿತು. ಅವತ್ತು ಸುಲಿದದ್ದಕ್ಕಿಂತ ಮಾತಾಡಿದ್ದೇ ಜಾಸ್ತಿ.

ನನಗೆ ಗೊತ್ತಾಗದ್ದು ಇಷ್ಟು. ಹೊಡೆಯುವ ತಾಕತ್ತು ನಿಜವಾಗಲೂ ಇದ್ದರೆ ಇಷ್ಟು ಯುದ್ಧಗಳು ನಡೆಯುತ್ತಿದ್ದರೂ ಯಾರೂ ಯಾಕೆ ಯಾರದನ್ನೂ ಹೊಡೆಯುತ್ತಿಲ್ಲ? ಒಂದು ವೇಳೆ ಮೇಲೆ ಹೊಡೆದಾಟ ಆದರೆ ಈ ಕಾಡಿನ ಮೂಲೆಯಲ್ಲಿರುವ ನಮಗೇನು?

ಕುಂದಾದ್ರಿ_ಕಟ್ಟೆ:

ಅದು ಸ್ಟಾರ್‌ಲಿಂಕ್ ಇರಬೇಕು ಮಾರಾಯ್ರೇ, ಅಮೆರಿಕದ ಕಂಪನಿಯೊಂದರ ಇಂಟರ್ನೆಟ್ ಕೊಡುವ ಉಪಗ್ರಹಗಳು. ಒಂದೇ ರಾಕೆಟ್‌ನಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ಬಿಡುತ್ತಾರೆ, ಮೊದಲ ಕೆಲವು ದಿನ ಹೀಗೆ ಸಾಲಾಗಿ ಹೋಗುತ್ತವೆ. ಆರಿಹೋದದ್ದು ಯಾಕೆಂದರೆ ಭೂಮಿಯ ನೆರಳೊಳಗೆ ಹೊಕ್ಕವು, ಅಷ್ಟೇ. ಆದರೂ ದೊಡ್ಡಪ್ಪನನ್ನು ಪೂರ್ತಿ ತಳ್ಳಿಹಾಕಬೇಡಿ, 2024ರಿಂದ ಚೀನಾ ಕೂಡ ಇಂಥದ್ದೇ ಉಪಗ್ರಹಗಳನ್ನು ಗುಂಪುಗುಂಪಾಗಿ ಬಿಡುತ್ತಿದೆ.

ನಿವೃತ್ತ_ಮೇಷ್ಟ್ರು (ಸಾಗರ):

ಹೊಡೆಯಬಹುದಾ ಅಂದರೆ ಹೌದು. 2019ರ ಮಾರ್ಚ್ 27ರಂದು ಒಡಿಶಾದ ಅಬ್ದುಲ್ ಕಲಾಂ ದ್ವೀಪದಿಂದ ಹಾರಿಸಿದ ಕ್ಷಿಪಣಿ ನಮ್ಮದೇ ಮೈಕ್ರೋಸ್ಯಾಟ್-ಆರ್ ಎಂಬ ಉಪಗ್ರಹವನ್ನು ಪುಡಿ ಮಾಡಿತು. ಎತ್ತರ ಸುಮಾರು 280 ಕಿ.ಮೀ. ಅಂದರೆ ನಿಮ್ಮೂರಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋಗುವಷ್ಟು ದೂರವೂ ಅಲ್ಲ, ನೆಟ್ಟಗೆ ಮೇಲಕ್ಕೆ ಅಷ್ಟೇ. ಅದರಲ್ಲಿ ಸಿಡಿಮದ್ದು ಬೇಕಾಗಿಲ್ಲ. ಉಪಗ್ರಹ ಗಂಟೆಗೆ 27,000 ಕಿ.ಮೀ. ಮೀರಿದ ವೇಗದಲ್ಲಿ ಬರುತ್ತಿರುತ್ತದೆ, ಅದರ ದಾರಿಗೆ ಸರಿಯಾದ ಕ್ಷಣಕ್ಕೆ ಒಂದು ಗಟ್ಟಿ ವಸ್ತು ಇಟ್ಟರೆ ಸಾಕು. ಮರದಲ್ಲಿರುವ ಮಾವಿನಕಾಯಿಗೆ ಕಲ್ಲು ಹೊಡೆಯುವುದಲ್ಲ ಇದು. ಬೇರೆ ಯಾರೋ ಬೀಸಿದ ಕಲ್ಲಿಗೆ ನಾವು ಇನ್ನೊಂದು ಕಲ್ಲು ತಾಗಿಸುವುದು.

ಕಷ್ಟ ಇರುವುದು ಹೊಡೆದಾದ ಮೇಲೆ. ಚೂರುಗಳು ಕೂಡಲೇ ಕೆಳಗೆ ಬೀಳುವುದಿಲ್ಲ, ಅದೇ ವೇಗದಲ್ಲಿ ಸುತ್ತುತ್ತಲೇ ಇರುತ್ತವೆ. ನಮ್ಮದು ತಗ್ಗಿನಲ್ಲಿ ಆದ ಪರೀಕ್ಷೆ, ಅಲ್ಲಿ ಸ್ವಲ್ಪವಾದರೂ ಗಾಳಿಯ ತಡೆ ಇದೆ. 45 ದಿನದಲ್ಲಿ ಎಲ್ಲ ಬಿದ್ದು ಹೋಗುತ್ತದೆ ಅಂದಿದ್ದರು. ಹೆಚ್ಚಿನವು ಬೇಗ ಬಿದ್ದವು, ಆದರೆ ಹೊಡೆತಕ್ಕೆ ಮೇಲಕ್ಕೆ ಚಿಮ್ಮಿದ ಕೆಲವು ಚೂರುಗಳು ವರ್ಷ ದಾಟಿದರೂ ಇದ್ದವು. ಚೀನಾ 2007ರ ಜನವರಿಯಲ್ಲಿ ತನ್ನ ಹಳೇ ಹವಾಮಾನ ಉಪಗ್ರಹ ಫೆಂಗ್‌ಯುನ್-1ಸಿಯನ್ನು ಹೊಡೆದದ್ದು 860 ಕಿ.ಮೀ. ಮೇಲೆ. ಕಣ್ಣಿಡಲು ಆಗುವಷ್ಟು ದೊಡ್ಡ ಚೂರುಗಳೇ 3,000 ದಾಟಿದವು. ಅರ್ಧಕ್ಕಿಂತ ಜಾಸ್ತಿ ಇವತ್ತಿಗೂ ಮೇಲೆಯೇ ಇವೆ.

ಅದಕ್ಕಿಂತ ತಮಾಷೆ (ತಮಾಷೆ ಅನ್ನಬಾರದು, ಇರಲಿ) 2021ರ ನವೆಂಬರ್ 15ರದ್ದು. ರಷ್ಯಾ ತನ್ನದೇ ಕಾಸ್ಮೋಸ್ 1408 ಅನ್ನು ಹೊಡೆಯಿತು, 1,500ಕ್ಕೂ ಹೆಚ್ಚು ಚೂರು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಏಳು ಜನ ಎದ್ದುಬಿದ್ದು ತಮ್ಮ ತಮ್ಮ ನೌಕೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಕೂರಬೇಕಾಯಿತು. ಅವರಲ್ಲಿ ಇಬ್ಬರು ರಷ್ಯದವರೇ!

ಫೆಬ್ರವರಿ ಮಾರ್ಚಿನಲ್ಲಿ ಪಕ್ಕದವನ ಸೊಪ್ಪಿನ ಬೆಟ್ಟಕ್ಕೆ ಬೆಂಕಿ ಕೊಟ್ಟರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಗಾಳಿ ತಿರುಗಿದರೆ ನಿಮ್ಮ ಬೆಟ್ಟವೂ ಹೋಯಿತು. ಯಾರೂ ಯಾರದನ್ನೂ ಹೊಡೆಯದಿರುವುದಕ್ಕೆ ಒಳ್ಳೆಯತನ ಕಾರಣ ಅಲ್ಲ, ಈ ಭಯ. ಇಲ್ಲಿಯವರೆಗೆ ಅಮೆರಿಕ, ರಷ್ಯಾ, ಚೀನಾ, ಭಾರತ ನಾಲ್ಕೂ ಹೊಡೆದದ್ದು ತಂತಮ್ಮ ಉಪಗ್ರಹಗಳನ್ನೇ.

ಹೆದ್ದಾರಿ_ಪಯಣಿಗ (ಶಿವಮೊಗ್ಗ):

ಮೇಷ್ಟ್ರೇ, ನೀವು ಹೇಳುವುದನ್ನು ಕೇಳಿದರೆ ನಾವು ಪರೀಕ್ಷೆ ಮಾಡಿದ್ದೇ ತಪ್ಪು ಅನ್ನುವ ಹಾಗಿದೆ. ಅಮೆರಿಕ 1985ರಲ್ಲೇ ಎಫ್-15 ವಿಮಾನದಿಂದ ಉಪಗ್ರಹ ಹೊಡೆದಿತ್ತು. ಆಗ ಯಾರೂ ಕಸದ ಪಾಠ ಮಾಡಲಿಲ್ಲ. ಅಣುಬಾಂಬಿನ ವಿಷಯದಲ್ಲಿ ಏನಾಯಿತು? 1967ರ ಜನವರಿ 1ಕ್ಕೆ ಮೊದಲು ಸಿಡಿಸಿದವರು ಒಳಗೆ, ಆಮೇಲಿನವರು ಹೊರಗೆ ಅಂತ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಲ್ಲಿ ಗೆರೆ ಎಳೆದರು. ನಾವು ಸಿಡಿಸಿದ್ದು 1974ರಲ್ಲಿ. ಅದರ ಕಿರಿಕಿರಿ ಎಷ್ಟು ವರ್ಷ ಅನುಭವಿಸಿದೆವು! ಇಲ್ಲೂ ನಾಳೆ ಯಾರಾದರೂ ಗೆರೆ ಎಳೆಯುವ ಮೊದಲು ಒಳಗೆ ನಿಂತುಬಿಡಬೇಕಿತ್ತು, ನಿಂತೆವು.

ನಿವೃತ್ತ_ಮೇಷ್ಟ್ರು (ಸಾಗರ):

ತಪ್ಪು ಅಂತ ನಾನು ಎಲ್ಲೂ ಬರೆದಿಲ್ಲ. ನಿಮ್ಮ ಗೆರೆಯ ಮಾತು ಸರಿಯಾಗಿಯೇ ಇದೆ. 2022ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ, ಉಪಗ್ರಹ ಒಡೆಯುವ ಇಂಥ ಕ್ಷಿಪಣಿ ಪರೀಕ್ಷೆ ಇನ್ನು ಬೇಡ ಅನ್ನುವ ನಿರ್ಣಯ ಬಂತು. 155 ದೇಶ ಪರ, 9 ವಿರುದ್ಧ. ರಷ್ಯಾ, ಚೀನಾ ವಿರುದ್ಧ. ಭಾರತ ಯಾವ ಕಡೆಗೂ ಮತ ಹಾಕಲಿಲ್ಲ. ಅದು ಬರೀ ನಿರ್ಣಯ, ಯಾರನ್ನೂ ಕಟ್ಟಿಹಾಕುವುದಿಲ್ಲ. 1967ರ ಬಾಹ್ಯಾಕಾಶ ಒಪ್ಪಂದ ಕೂಡ ಕಕ್ಷೆಯಲ್ಲಿ ಅಣುಬಾಂಬಿನಂಥ ಸಾಮೂಹಿಕ ನಾಶದ ಅಸ್ತ್ರ ಇಡಬಾರದು ಅನ್ನುತ್ತದೆಯೇ ಹೊರತು ನೆಲದಿಂದ ಹಾರಿಸುವ ಕ್ಷಿಪಣಿ ಬಗ್ಗೆ ಸುಮ್ಮನಿದೆ.

ನನ್ನ ತಕರಾರು ಮೆಟ್ಟುಗತ್ತಿಯವರ ಪಕ್ಕದ ಮನೆ ಹುಡುಗನ ಜೊತೆ ಮಾತ್ರ. ಒಂದನ್ನು ಹೊಡೆಯಬಲ್ಲೆವು ಅಂದರೆ ಮೇಲೆ ನಮ್ಮ ರಾಜ್ಯಭಾರ ಅಂತಲ್ಲ. ಸ್ಟಾರ್‌ಲಿಂಕ್ ಸಾವಿರಗಟ್ಟಲೆ ಇದೆ. ಅದನ್ನು ಉಕ್ರೇನಿನ ಸೈನ್ಯ ಬಳಸುತ್ತಿರುವುದು ರಷ್ಯಾಕ್ಕೆ ಎಷ್ಟು ಉರಿ ಅಂತ ಗೊತ್ತೇ ಇದೆ. ಆದರೂ ಒಂದೂ ಕ್ಷಿಪಣಿ ಹಾರಲಿಲ್ಲ. ಎಷ್ಟು ಅಂತ ಹೊಡೆಯುತ್ತೀರಿ?

ಟವರ್_ಹತ್ತುವವ (ಹೊಸನಗರ):

ಮೇಷ್ಟ್ರು ಹೇಳಿದ್ದು ಅರ್ಧ. ಹೊಡೆದಾಟ ನಡೆಯುತ್ತಲೇ ಇದೆ, ಸದ್ದಿಲ್ಲದೆ.

ನಾನು ಮೊಬೈಲ್ ಟವರ್ ಕೆಲಸ ಮಾಡುವವನು. ಟವರ್ ಹತ್ತಿರ ಕಂಬದ ತುದಿಗೆ ಬಿಳಿ ಅಣಬೆ ಥರದ್ದೊಂದು ಇರುತ್ತದೆ, ನೋಡಿದ್ದೀರಾ? ಅದು ಜಿಪಿಎಸ್ ಆಂಟೆನಾ. ದಾರಿ ಹುಡುಕೋಕೆ ಅಲ್ಲ (ಟವರ್ ಎಲ್ಲಿಗೆ ಹೋಗಬೇಕು ಪಾಪ), ಗಂಟೆ ನೋಡೋಕೆ. 5ಜಿಯಲ್ಲಿ ಅಕ್ಕಪಕ್ಕದ ಟವರ್‌ಗಳ ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೆರಡು ಭಾಗದಷ್ಟೂ ಹಿಂದೆಮುಂದೆ ಆಗಬಾರದು, ಹಾಗಾದರೆ ಒಂದರ ಮಾತು ಇನ್ನೊಂದರ ಮೇಲೆ ಬೀಳುತ್ತದೆ. ಆ ಸಮಯ ಬರುವುದು 20,000 ಕಿ.ಮೀ. ಮೇಲಿರುವ ಉಪಗ್ರಹದಿಂದ. ಅಷ್ಟು ದೂರದಿಂದ ಬಂದ ಸಿಗ್ನಲ್ ಇಲ್ಲಿ ಮುಟ್ಟುವಾಗ ಪಿಸುಮಾತಿನಷ್ಟೂ ಇರುವುದಿಲ್ಲ. ಪಕ್ಕದಲ್ಲಿ ಯಾರಾದರೂ ಸಣ್ಣ ಜಾಮರ್ (ಸಿಗ್ನಲ್ ಕೇಳದ ಹಾಗೆ ಗದ್ದಲ ಎಬ್ಬಿಸುವ ಯಂತ್ರ) ಹಚ್ಚಿದರೆ ಮುಗಿಯಿತು. ಉಪಗ್ರಹಕ್ಕೆ ಗೀರೂ ಆಗಲಿಲ್ಲ, ಒಂದು ಚೂರು ಕಸವೂ ಇಲ್ಲ, ಆದರೆ ಅದು ಇದ್ದೂ ಇಲ್ಲ. ಅಮೃತಸರ, ಜಮ್ಮು ಕಡೆ ವಿಮಾನಗಳಿಗೆ ಜಿಪಿಎಸ್ ದಾರಿ ತಪ್ಪಿಸಿದ ಪ್ರಕರಣಗಳ ಬಗ್ಗೆ ಸಂಸತ್ತಿನಲ್ಲೇ ಉತ್ತರ ಬಂದಿದೆ.

ಇನ್ನೊಂದು. 2022ರ ಫೆಬ್ರವರಿ 24, ರಷ್ಯಾ ಉಕ್ರೇನಿಗೆ ನುಗ್ಗಿದ ದಿನ. ಬೆಳಗಿನ ಜಾವ ಕೆಎ-ಸ್ಯಾಟ್ ಎಂಬ ಉಪಗ್ರಹದ ಇಂಟರ್ನೆಟ್ ಜಾಲಕ್ಕೆ ಕನ್ನ ಹಾಕಿದರು. ಉಪಗ್ರಹವನ್ನು ಮುಟ್ಟಲೇ ಇಲ್ಲ, ನೆಲದ ಮೇಲಿದ್ದ ಗ್ರಾಹಕರ ಮೋಡೆಮ್‌ಗಳನ್ನು ಸಾಯಿಸಿದರು. ಯುದ್ಧ ಉಕ್ರೇನಿನಲ್ಲಿ, ಸಂಪರ್ಕ ಕಳೆದುಕೊಂಡದ್ದು ಜರ್ಮನಿಯ 5,800 ಗಾಳಿಯಂತ್ರ! ಅವು ತಿರುಗುತ್ತಿದ್ದವು, ದೂರದಿಂದ ನೋಡಿಕೊಳ್ಳೋಕೆ ಆಗುತ್ತಿರಲಿಲ್ಲ ಅಷ್ಟೇ.

ಹಾಗಾಗಿ "ನಮಗೇನು" ಅಂದರೆ, ಮೊದಲು ಹೋಗುವುದು ಗಡಿಯಾರ. ಟವರ್ ಒಳಗಿನ ಗಡಿಯಾರ ಕೆಲವು ಗಂಟೆ ತಳ್ಳುತ್ತದೆ, ಆಮೇಲೆ ಕಿರಿಕಿರಿ ಶುರು. ಜಿಪಿಎಸ್ ಥರದ್ದೇ ನಮ್ಮದೇ ನಾವಿಕ್ ಇದೆ, ಆದರೆ ಅದರ ಹಳೇ ಉಪಗ್ರಹಗಳಲ್ಲಿ ಅಣುಗಡಿಯಾರಗಳೇ ಕೈಕೊಟ್ಟವು, 2025ರ ಜನವರಿಯಲ್ಲಿ ಹೋದ ಅದರ ಹೊಸ ಉಪಗ್ರಹ ಎನ್‌ವಿಎಸ್-02 ಸರಿಯಾದ ಕಕ್ಷೆಗೆ ಏರಲೇ ಇಲ್ಲ. ಕ್ಷಿಪಣಿ ಬಗ್ಗೆ ಎದೆ ತಟ್ಟಿಕೊಳ್ಳುವವರು ಈ ಗಡಿಯಾರದ ಬಗ್ಗೆ ಒಂದು ಮಾತಾಡಿದ್ದನ್ನು ನಾನು ಕೇಳಿಲ್ಲ.

ಅಂದ ಹಾಗೆ ನೌಕಾಪಡೆಯ ಜಿಸ್ಯಾಟ್-7, ವಾಯುಪಡೆಯ ಜಿಸ್ಯಾಟ್-7ಎ ಉಪಗ್ರಹ ಇವನ್ನೆಲ್ಲ ನೋಡಿಕೊಳ್ಳುವುದು ಇಲ್ಲೇ ಹಾಸನದಿಂದ. ಯುದ್ಧ ದೂರದಲ್ಲಿ ಅಂದುಕೊಳ್ಳಬೇಡಿ.

ಕುಂದಾದ್ರಿ_ಕಟ್ಟೆ:

ಜಾಮರ್‌ಗೆ ಶತ್ರು ಯಾಕೆ ಬೇಕು, ಆಗುಂಬೆ ಕಡೆ ಜುಲೈನಲ್ಲಿ ಡಿಶ್ ಹಾಕಿ ನೋಡಿ. ಮೂರು ತಿಂಗಳು ಮಳೆಯೇ ಜಾಮರ್.

ಮೆಟ್ಟುಗತ್ತಿ (ತೀರ್ಥಹಳ್ಳಿ ಕಡೆ):

ಎಲ್ಲವನ್ನೂ ನಿನ್ನೆ ರಾತ್ರಿ ಸುಲಿಯುವ ಜಾಗದಲ್ಲಿ ಓದಿ ಹೇಳಿದೆ. ಪಕ್ಕದ ಮನೆ ಹುಡುಗ ಗಡಿಯಾರದ ವಿಷಯಕ್ಕೆ ಬಂದಾಗ ಸ್ವಲ್ಪ ತಣ್ಣಗಾದ, ಆಮೇಲೆ "ಹಾಗಾದರೆ ನಾವೂ ಜಾಮರ್ ಮಾಡೋಣ" ಅಂದ. ದೊಡ್ಡಪ್ಪ ಬೆಂಕಿಯ ಮಾತಿಗೆ ಮಾತ್ರ ಕತ್ತಿ ಕೆಳಗಿಟ್ಟರು. ಎಷ್ಟೋ ವರ್ಷದ ಹಿಂದೆ ನಮ್ಮ ಬೆಟ್ಟಕ್ಕೆ ಬೆಂಕಿ ಬಿದ್ದಾಗ ಯಾರು ಹಚ್ಚಿದ್ದು ಅಂತ ಇವತ್ತಿಗೂ ಗೊತ್ತಾಗಿಲ್ಲವಂತೆ. "ಮೇಲೆ ಹಾಗಾದರೆ ಯಾರು ಹಚ್ಚಿದ್ದು ಅಂತ ಗೊತ್ತಾಗುತ್ತದಾ, ಅದನ್ನು ಕೇಳು" ಅಂದರು. ಮೇಷ್ಟ್ರೇ, ಗೊತ್ತಾಗುತ್ತದಾ?

ನಿವೃತ್ತ_ಮೇಷ್ಟ್ರು (ಸಾಗರ):

ಕ್ಷಿಪಣಿ ಹಾರಿಸಿದರೆ ಗೊತ್ತಾಗುತ್ತದೆ, ಅದರ ಬೆಂಕಿ ಮೇಲಿನ ಉಪಗ್ರಹಗಳಿಗೇ ಕಾಣುತ್ತದೆ. ಆದರೆ ಒಂದು ಉಪಗ್ರಹ ಇನ್ನೊಂದರ ಪಕ್ಕಕ್ಕೆ ಮೆಲ್ಲಗೆ ಹೋಗಿ ನಿಂತರೆ? 2022ರ ಶುರುವಿನಲ್ಲಿ ಚೀನಾದ ಎಸ್‌ಜೆ-21 ತಮ್ಮದೇ ಸತ್ತ ಉಪಗ್ರಹವೊಂದನ್ನು ಹಿಡಿದು ದೂರ ಎಳೆದುಕೊಂಡು ಹೋಗಿ ಬಿಟ್ಟು ಬಂತು. ಗುಡಿಸುವ ಕೆಲಸ, ಒಳ್ಳೆಯದೇ. ನಾವೂ 2025ರ ಜನವರಿಯಲ್ಲಿ ಸ್ಪೇಡೆಕ್ಸ್ ಎಂಬ ಪ್ರಯೋಗದಲ್ಲಿ ಎರಡು ಉಪಗ್ರಹಗಳನ್ನು ಒಂದಕ್ಕೊಂದು ಜೋಡಿಸಿದೆವು. ಆ ಕೈಚಳಕ ಗೊತ್ತಿದ್ದವರಿಗೆ ಬೇರೆಯವರ ಉಪಗ್ರಹದ ಹತ್ತಿರ ಹೋಗುವುದೂ ಗೊತ್ತಿರುತ್ತದೆ. ಅಲ್ಲಿ ಒಂದು ಉಪಗ್ರಹ ಸುಮ್ಮನೆ ಮಾತು ನಿಲ್ಲಿಸಿದರೆ ಅದು ಕೆಟ್ಟದ್ದಾ, ಕೆಡಿಸಿದ್ದಾ ಅಂತ ಹೇಳುವುದು ಕಷ್ಟ. ದೊಡ್ಡಪ್ಪನಿಗೆ ಹೇಳಿ, ಅವರ ಪ್ರಶ್ನೆ ಚೆನ್ನಾಗಿದೆ.