ಮಿಷನರಿ ಕುಟುಂಬ ಒಂಬತ್ತು ದಿನ ಮನೆಯಲ್ಲಿ ಉಳಿಯಲಿದೆ: ಏನೇನು ನೋಡಿಕೊಳ್ಳಬೇಕು?

ಹೊಸ ಹಿರಿಯ (ಪ್ರಶ್ನೆ)

ನಮ್ಮ ಸಭೆಗೆ (ಚರ್ಚಿಗೆ) ಮಿಷನರಿ ಕುಟುಂಬವೊಂದು ಬರುತ್ತಿದೆ. ಗಂಡ, ಹೆಂಡತಿ, 4 ಮತ್ತು 11 ವರ್ಷದ ಇಬ್ಬರು ಮಕ್ಕಳು. ಬೇರೆ ದೇಶದಲ್ಲಿ ಸೇವೆ, ಈಗ ರಜೆಯ ಮೇಲೆ ಸಭೆಗಳನ್ನು ಭೇಟಿಯಾಗುತ್ತಿದ್ದಾರೆ. ನಮ್ಮಲ್ಲಿ 9 ದಿನ ಇರುತ್ತಾರೆ. ಮೂರು ವಿಷಯ ಬಗೆಹರಿಯುತ್ತಿಲ್ಲ.

ದಿನಕ್ಕೊಂದು ಮನೆಯಲ್ಲಿ ರಾತ್ರಿ ಊಟ, ಪ್ರಾರ್ಥನೆ ಎಂದು ಸಮಿತಿ ಆಗಲೇ ಪಟ್ಟಿ ಮಾಡಿದೆ. ಇದು ಹೆಚ್ಚಾಯಿತೇ? ಕಾಣಿಕೆಯನ್ನು ಯಾವಾಗ, ಯಾರ ಕೈಗೆ ಕೊಡಬೇಕು? ಇವರ ಪರಿಚಯಕ್ಕೆಂದು ಇರುವುದು ಒಂದೇ ಒಂದು ಪತ್ರ. ವಿಚಾರಿಸಿದರೆ ದೇವಸೇವಕರಿಗೆ ಅವಮಾನ ಮಾಡಿದಂತೆ ಆಗುತ್ತದೆಯೇ?

ಬಾಗಿಲ ಬಳಿ

ಪಟ್ಟಿ ಹೆಚ್ಚಾಯಿತು, ಅರ್ಧ ಅಳಿಸಿ. ಪ್ರತಿ ಮನೆಯ ಊಟವೂ ಅವರಿಗೆ ಇನ್ನೊಂದು ಕೂಟವೇ. ಅದೇ ಕಥೆ ಹೇಳಬೇಕು, ಅದೇ ಪ್ರಶ್ನೆಗಳಿಗೆ ನಗುತ್ತಾ ಉತ್ತರಿಸಬೇಕು. 9 ದಿನಕ್ಕೆ ಹೊರಗಿನ ಊಟ ಮೂರು ಅಥವಾ ನಾಲ್ಕು ಸಾಕು. ಎರಡು ದಿನ ಪೂರ್ತಿ ಖಾಲಿ ಇರಲಿ. ಅದರಲ್ಲಿ ಒಂದು ಭಾನುವಾರದ ಮರುದಿನ. ದೂರದ ವಿಮಾನ ಪ್ರಯಾಣವಾದರೆ ಮೊದಲ ದಿನ ಏನೂ ಬೇಡ. ಒಂದು ಗಂಟೆ ಸಮಯ ವ್ಯತ್ಯಾಸಕ್ಕೆ ಮೈ ಹೊಂದಿಕೊಳ್ಳಲು ಸುಮಾರು ಒಂದು ದಿನ ಬೇಕು, ಪೂರ್ವದ ಕಡೆಗೆ ಬಂದವರಿಗೆ ಇನ್ನೂ ಕಷ್ಟ. 4 ವರ್ಷದ ಮಗು ನಡುರಾತ್ರಿ ಎದ್ದು ಹಸಿವು ಎನ್ನುತ್ತದೆ. ಅಡುಗೆಮನೆಯಲ್ಲಿ ಏನು ಎಲ್ಲಿದೆ ಎಂದು ಬಂದ ದಿನವೇ ತೋರಿಸಿ, "ಕೇಳದೆ ತೆಗೆದುಕೊಳ್ಳಿ" ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಯಾರೂ ಮುಟ್ಟುವುದಿಲ್ಲ.

ಬರುವ ಎರಡು ವಾರ ಮೊದಲೇ ಒಬ್ಬರೇ ಅವರಿಗೆ ಬರೆಯಲಿ, ಐದು ಜನ ಬೇಡ. ತಿನ್ನಬಾರದ್ದು ಏನು, ನಿತ್ಯದ ಔಷಧಿ ಏನು, ಮಕ್ಕಳು ಹೆತ್ತವರ ಕೋಣೆಯಲ್ಲೇ ಮಲಗುತ್ತಾರೆಯೇ, ತಲುಪುವ ಗಂಟೆ ಎಷ್ಟು ಎಂದು ಕೇಳಲಿ. "ಏನು ಬೇಕಾದರೂ ಹೇಳಿ" ಎಂದರೆ "ಏನೂ ಬೇಡ" ಎಂದೇ ಉತ್ತರ ಬರುತ್ತದೆ. ಹಾಗಾಗಿ ಆಯ್ಕೆ ಕೊಟ್ಟು ಕೇಳಬೇಕು.

ಕೋಣೆಗೆ ಒಳಗಿನಿಂದ ಹಾಕುವ ಚಿಲಕ, ಹಾಸಿಗೆಯ ಪಕ್ಕ ದೀಪ, ಚಾರ್ಜರ್‌ಗೆ ಎರಡು ಪ್ಲಗ್, ತಲೆಗೊಂದರಂತೆ ಟವೆಲ್, ಕುಡಿಯುವ ನೀರು, ವೈಫೈ ಗುಟ್ಟಿನ ಪದ ಬರೆದ ಚೀಟಿ. ಪೆಟ್ಟಿಗೆ ಬಿಚ್ಚಿಡಲು ಕಪಾಟಿನಲ್ಲಿ ಒಂದು ಖಾಲಿ ಅಂಕಣ ಬೇಕು. ಎಲ್ಲರೂ ಮರೆಯುವುದು ಇದನ್ನೇ. ಬಂದ ಸಂಜೆಯೇ ಬಟ್ಟೆ ಒಗೆಯುವ ಯಂತ್ರ ಬಿಟ್ಟುಕೊಡಿ. ವಾರಗಟ್ಟಲೆ ಸುತ್ತಿದವರಿಗೆ ಹಬ್ಬದೂಟಕ್ಕಿಂತ ಅದು ಹೆಚ್ಚು.

11 ವರ್ಷದ ಮಗುವನ್ನು ವೇದಿಕೆಗೆ ಕರೆದು "ಆ ದೇಶದ ಭಾಷೆಯಲ್ಲಿ ಏನಾದರೂ ಹೇಳು" ಎನ್ನಬೇಡಿ. "ಅಂತೂ ಮನೆಗೆ ಬಂದೆಯಲ್ಲ" ಎಂದೂ ಬೇಡ, ಮಗುವಿಗೆ ಮನೆ ಅಲ್ಲಿದೆ.

ಇನ್ನೊಂದು, ಮಲೇರಿಯಾ ಇರುವ ಪ್ರದೇಶದಿಂದ ಬಂದವರಿಗೆ ಜ್ವರ ಬಂದರೆ ಪ್ರಯಾಣದ ಆಯಾಸ ಎಂದು ಮಲಗಿಸಬೇಡಿ. ಬಂದು ವಾರಗಳೇ ಕಳೆದಿದ್ದರೂ ಅದೇ ದಿನ ರಕ್ತ ಪರೀಕ್ಷೆ ಆಗಬೇಕು, ಎಲ್ಲಿಂದ ಬಂದವರು ಎಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಬೇಕು.

ಖಜಾನೆ ಕೀಲಿ

ಕಾಣಿಕೆಯ ಬಗ್ಗೆ. ಪ್ರಯಾಣದ ಖರ್ಚು ಬೇರೆ, ಕಾಣಿಕೆ ಬೇರೆ. ಎರಡನ್ನೂ ಒಂದೇ ಲಕೋಟೆಗೆ ಹಾಕಿದರೆ ಬಂದ ಖರ್ಚು ಕಳೆದು ಅವರಿಗೆ ಉಳಿಯುವುದು ಅಷ್ಟಕ್ಕಷ್ಟೆ, ಸಭೆಗೆ ಮಾತ್ರ ಧಾರಾಳವಾಗಿ ಕೊಟ್ಟೆವೆಂಬ ನೆಮ್ಮದಿ! ಟಿಕೆಟ್, ಇಂಧನ, ದಾರಿಯ ಊಟದ ಲೆಕ್ಕವನ್ನು ಅವರು ಬಂದ ಎರಡನೇ ದಿನದೊಳಗೆ ನೀವೇ ಕೇಳಿ ಚುಕ್ತಾ ಮಾಡಿ. ಕೊನೆಯ ದಿನದವರೆಗೆ ಕಾದರೆ ಅಷ್ಟೂ ದಿನ ಅವರ ಕೈ ಖಾಲಿ.

ಕಾಣಿಕೆ ಎತ್ತುವ ಮೊದಲೇ ಅದು ಯಾವುದಕ್ಕೆ ಎಂದು ಸಭೆಗೆ ಹೇಳಬೇಕು: ಕುಟುಂಬದ ಜೀವನಕ್ಕೋ, ಅಲ್ಲಿನ ಒಂದು ಕೆಲಸಕ್ಕೋ. ಒಂದಕ್ಕೆಂದು ಎತ್ತಿ ಇನ್ನೊಂದಕ್ಕೆ ಕೊಟ್ಟಲ್ಲೇ ಜಗಳ ಹುಟ್ಟುವುದು. ಸಂಬಂಧಿಕರಲ್ಲದ ಇಬ್ಬರು ಎಣಿಸಲಿ, ಇಬ್ಬರೂ ಸಹಿ ಹಾಕಲಿ. ಅವರನ್ನು ಕಳುಹಿಸಿದ ಸಂಸ್ಥೆ ಇದ್ದರೆ ಹಣ ಅದರ ಖಾತೆಗೆ ಹೋಗಲಿ, ರಸೀದಿ ಬರಲಿ. ಕೈಗೆ ಕೊಡುವ ಮೊದಲು ಅವರನ್ನೇ ಕೇಳಿ. ಕೈಗೆ ಬಂದ ಹಣವನ್ನೂ ಸಂಸ್ಥೆಗೆ ತೋರಿಸಬೇಕೆಂಬ ನಿಯಮ ಹಲವರಿಗೆ ಇರುತ್ತದೆ.

ಮುಂದೆಯೂ ನೆರವಾಗುವ ಮನಸ್ಸಿದ್ದರೆ ಒಮ್ಮೆ ಕೊಡುವ ದೊಡ್ಡ ಮೊತ್ತಕ್ಕಿಂತ ತಿಂಗಳಿಗೆ ಇಷ್ಟು ಎಂಬ ಚಿಕ್ಕ ಮಾತೇ ಮೇಲು. ಬಾಡಿಗೆ, ಶಾಲೆಯ ಶುಲ್ಕ ನಿಂತಿರುವುದು ಅದರ ಮೇಲೆ. ಬೇರೆ ದೇಶಕ್ಕೆ ನೇರವಾಗಿ ಕಳುಹಿಸುವುದಾದರೆ ಪ್ರತಿ ರವಾನೆಗೂ ಬ್ಯಾಂಕ್ ಶುಲ್ಕ ಕತ್ತರಿಸುತ್ತದೆ. ಮೂರು ತಿಂಗಳದ್ದು ಕೂಡಿಸಿ ಕಳುಹಿಸಿ, ಆದರೆ ತಾರೀಖು ತಪ್ಪಬೇಡಿ. ನಿಲ್ಲಿಸುವ ಪರಿಸ್ಥಿತಿ ಬಂದರೆ ಕನಿಷ್ಠ ಮೂರು ತಿಂಗಳು ಮೊದಲೇ ತಿಳಿಸಿ. ಹಳೆಯ ಬಟ್ಟೆ, ಪುಸ್ತಕದ ಮೂಟೆ ಕೊಡಬೇಡಿ. ಹಲವು ವಿಮಾನಗಳಲ್ಲಿ ಒಂದು ಪೆಟ್ಟಿಗೆಯ ಮಿತಿಯೇ 23 ಕಿಲೋ.

ಹಳೇ ಸುರುಳಿ

ಮೂರನೇ ಪ್ರಶ್ನೆಗೆ: ವಿಚಾರಿಸುವುದು ಅವಮಾನವಲ್ಲ, ಮೊದಲಿನಿಂದ ಬಂದ ರೂಢಿ. ಬೈಬಲಿನಲ್ಲೇ ನೋಡಿ, ಪೌಲನು ಫೊಯಿಬೆ ಎಂಬ ಸಹೋದರಿಯನ್ನು ರೋಮಾಪುರದ ಸಭೆಗೆ ಪರಿಚಯಿಸಿದ್ದು ಪತ್ರದಲ್ಲೇ (ರೋಮಾ 16:1-2). ಯೋಹಾನನ ಮೂರನೇ ಪತ್ರಿಕೆಯಲ್ಲಿ ದೇಮೇತ್ರಿಯ ಎಂಬವನ ಪರವಾಗಿ ಸಾಕ್ಷಿ ಇದೆ. ಎರಡನೇ ಪತ್ರಿಕೆಯಂತೂ ಕ್ರಿಸ್ತನ ಉಪದೇಶವನ್ನು ತಾರದವನನ್ನು ಮನೆಗೆ ಸೇರಿಸಬೇಡಿ ಎನ್ನುತ್ತದೆ. ಆದಿ ಸಭೆಯ ದಿದಾಖೆ ಎಂಬ ಕೈಪಿಡಿ (ಗ್ರೀಕ್ ಹಸ್ತಪ್ರತಿ ಸಿಕ್ಕಿದ್ದು 1873ರಲ್ಲಿ) ಇನ್ನೂ ಖಡಕ್ಕು: ಬಂದ ಅಪೊಸ್ತಲ ಒಂದು ದಿನ ಇರಬಹುದು, ಅಗತ್ಯವಿದ್ದರೆ ಎರಡು ದಿನ; ಮೂರು ದಿನ ಉಳಿದರೆ, ಇಲ್ಲವೇ ಹಣ ಕೇಳಿದರೆ, ಅವನು ಸುಳ್ಳು ಪ್ರವಾದಿ. ಹಾಗೆ ನೋಡಿದರೆ ನಿಮ್ಮ 9 ದಿನವೇ ಯೋಚಿಸಬೇಕಾದದ್ದು.

ಪತ್ರದಲ್ಲಿರುವ ನಂಬರಿಗೆ ಕರೆ ಮಾಡಬೇಡಿ. ಸಂಸ್ಥೆಯ ನಂಬರನ್ನು ನೀವೇ ಬೇರೆ ಕಡೆಯಿಂದ ಹುಡುಕಿ ಕೇಳಿ. ಅವರು ಈ ಮುಂಚೆ ಉಳಿದ ಒಂದು ಸಭೆಯನ್ನೂ ಕೇಳಿ. ವೀಸಾ ಯಾವುದೆಂದು ನೋಡಿ. ಹಲವು ದೇಶಗಳಲ್ಲಿ ಪ್ರವಾಸಿ ವೀಸಾದಲ್ಲಿ ಬಂದವರು ಬೋಧಿಸುವಂತಿಲ್ಲ, ವಿದೇಶಿ ಅತಿಥಿ ಉಳಿದರೆ ಅಧಿಕಾರಿಗಳಿಗೆ ತಿಳಿಸುವ ಹೊಣೆಯೂ ಮನೆಯವರದಾಗಿರಬಹುದು. ಮಕ್ಕಳ ವಿಷಯದಲ್ಲಿ ಸಭೆಯ ನಿಯಮ ಅತಿಥಿಗೂ ಅನ್ವಯ. ಯಾವ ದೊಡ್ಡವರೂ ಬೇರೆಯವರ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು.

ದಾರಿಬುತ್ತಿ

ದಿದಾಖೆಯನ್ನು ಅರ್ಧಕ್ಕೆ ಓದಿದಂತಾಯಿತು. ಆ ಎರಡು ದಿನದ ಮಿತಿ ಅಲೆದಾಡುವ ಅಪೊಸ್ತಲನಿಗೆ. ಮುಂದಿನ ಅಧ್ಯಾಯದಲ್ಲಿ ಸಾಮಾನ್ಯ ಪ್ರಯಾಣಿಕನಿಗೆ ಎರಡು ಮೂರು ದಿನ ಇದೆ, ಅಲ್ಲೇ ನೆಲೆಸುವವನು ಕೆಲಸ ಮಾಡಿ ಉಣ್ಣಲಿ ಎಂದಿದೆ. ಅದರ ಮುಂದೆ, ನೆಲೆಸಿದ ನಿಜ ಪ್ರವಾದಿಗೆ ಪ್ರಥಮ ಫಲ (ಬೆಳೆಯ ಮೊದಲ ಪಾಲು) ಕೊಡಿ ಎಂದಿದೆ. ದಿನ ಎಣಿಸುವುದಕ್ಕಿಂತ ಹೊರಡುವ ದಿನ ಮೊದಲೇ ಗೊತ್ತಿರುವುದು ಮುಖ್ಯ. 9 ಎಂದು ಹೇಳಿ 9ಕ್ಕೆ ಹೊರಟರೆ ತಕರಾರಿಲ್ಲ. "ನೋಡೋಣ" ಎಂದು ಬಂದವರು ಮೂರನೇ ದಿನಕ್ಕೇ ಭಾರ.

ಎಲ್ಲರೂ ಬರಮಾಡಿಕೊಳ್ಳುವುದನ್ನೇ ಬರೆದಿದ್ದೀರಿ. ಗಾಯ ಎಂಬ ವಿಶ್ವಾಸಿಗೆ ಯೋಹಾನನು ಕೇಳಿದ್ದು ದೇವರಿಗೆ ಯೋಗ್ಯವಾದ ರೀತಿಯಲ್ಲಿ ಸಾಗಕಳುಹಿಸು ಎಂದು (3 ಯೋಹಾನ 6). ಅಲ್ಲಿರುವ ಗ್ರೀಕ್ ಕ್ರಿಯಾಪದ ಪ್ರೊಪೆಂಪೊ. ರೋಮಾ 15:24ರಲ್ಲಿ ಸ್ಪೇನಿಗೆ ಹೊರಟ ಪೌಲ ಬಯಸುವುದೂ ಅದನ್ನೇ. ತೀತ 3:13ರಲ್ಲಿ ಅರ್ಥ ಬಿಡಿಸಿಯೇ ಇದೆ: ನ್ಯಾಯಶಾಸ್ತ್ರಿ ಜೇನನನ್ನೂ ಅಪೊಲ್ಲೋಸನನ್ನೂ ಕಳುಹಿಸು, ಅವರಿಗೆ ಏನೂ ಕೊರತೆಯಾಗಬಾರದು. ಕೈಬೀಸುವುದಲ್ಲ, ದಾರಿಯ ಹೊಣೆ ಹೊರುವುದು.

ಅದನ್ನು ಇಂದು ಮಾಡುವುದೆಂದರೆ, ಹೊರಡುವ ಹಿಂದಿನ ದಿನ ಯಾವ ಕೂಟವೂ ಬೇಡ, ಅದು ಬಟ್ಟೆ ಒಗೆದು ಪೆಟ್ಟಿಗೆ ಕಟ್ಟುವ ದಿನ. ಮುಂದಿನ ಮನೆಯವರಿಗೆ ನೀವೇ ಕರೆ ಮಾಡಿ: ತಲುಪುವ ಗಂಟೆ, ಚಿಕ್ಕ ಮಗು ತಿನ್ನುವುದೇನು, ಔಷಧಿಯ ವಿಷಯ. ಅದನ್ನೆಲ್ಲ ಮತ್ತೆ ಮೊದಲಿನಿಂದ ಹೇಳುವ ಕಷ್ಟ ಅವರಿಗೆ ತಪ್ಪುತ್ತದೆ. ಔಷಧಿ ಒಂದು ತಿಂಗಳಿಗೆ ಸಾಕೇ ನೋಡಿ. ದಾರಿಗೆ ಊಟ ಕಟ್ಟಿಕೊಡಿ, ಕೆಡದಂಥದ್ದು, ಕೈಯಲ್ಲೇ ತಿನ್ನುವಂಥದ್ದು. ನಿಲ್ದಾಣದವರೆಗೆ ಯಾರಾದರೂ ಹೋಗಲಿ, ಹೊರಟ ವಾಹನ ತಪ್ಪಿದರೆ ಕರೆ ಮಾಡಲು ಒಂದು ನಂಬರ್ ಕೊಡಲಿ.

ಹೊಸ ಹಿರಿಯ

ಪಟ್ಟಿಯನ್ನು ಮೂರು ಊಟಕ್ಕೆ ಇಳಿಸಿದೆವು. ಸಂಸ್ಥೆಯ ಕಚೇರಿಗೂ ಕರೆ ಮಾಡಿದೆವು, ಬೇಸರಪಡಲಿಲ್ಲ, "ಎಲ್ಲರೂ ಕೇಳಬೇಕು" ಎಂದರು. ಭಾನುವಾರದ ಆರಾಧನೆ ನೇರ ಪ್ರಸಾರವಾಗುತ್ತದೆ, ಅದರಲ್ಲಿ ಅವರು ಮಾತನಾಡಬಹುದೇ?

ಬಾಗಿಲ ಬಳಿ

ಅವರನ್ನು ಕೇಳುವವರೆಗೆ ಬೇಡ. ಸುವಾರ್ತೆಗೆ ನಿರ್ಬಂಧವಿರುವ ದೇಶದಲ್ಲಿ ಸೇವೆ ಮಾಡುವವರ ಹೆಸರು, ಮುಖ, ಊರು ಮೂರೂ ಒಟ್ಟಿಗೆ ಅಂತರ್ಜಾಲದಲ್ಲಿ ಸಿಕ್ಕರೆ ಮರಳಿ ಹೋಗುವ ವೀಸಾ ಕೈತಪ್ಪಬಹುದು. ಅಲ್ಲಿನ ವಿಶ್ವಾಸಿಗಳಿಗೆ ಅದಕ್ಕಿಂತ ಕೆಟ್ಟದ್ದು ಆಗಬಹುದು. ಆ ಭಾಗದಲ್ಲಿ ಪ್ರಸಾರ ನಿಲ್ಲಿಸಿ. ಆರಾಧನೆಯ ಆರಂಭದಲ್ಲೇ ಫೋಟೋ ಬೇಡ ಎಂದು ಸಭೆಗೆ ಹೇಳಿ, ಮುಗಿದ ಮೇಲೆ ಹೇಳಿ ಫಲವಿಲ್ಲ. ವಾರದ ಸಭಾಪತ್ರಿಕೆ ಜಾಲತಾಣಕ್ಕೂ ಹೋಗುತ್ತದೆಯಾದರೆ ಅದರಲ್ಲಿ ಪೂರ್ಣ ಹೆಸರು ಹಾಕಬೇಡಿ. ಪ್ರಾರ್ಥನಾ ವಿಷಯಗಳ ವಾಟ್ಸಾಪ್ ಗುಂಪಿಗೂ ಇದೇ ನಿಯಮ, ಸೋರುವುದು ಹೆಚ್ಚಾಗಿ ಅಲ್ಲಿಂದಲೇ.