ಎನ್‌ಸಿಬಿ ಪ್ರೊಟೆಕ್ಟ್‌ಗೆ ಹೆಚ್ಚುವರಿ ದುಡ್ಡು ಕೊಡಬೇಕಾ?

ಪ್ರಶ್ನೆ (ದಾವಣಗೆರೆ):
ನಮಸ್ಕಾರ ಸರ್. 1200 ಸಿಸಿ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಐದು ವರ್ಷ ಮುಗಿದಿದೆ, ಒಂದೂ ಕ್ಲೇಮ್ ಆಗಿಲ್ಲ. ಈ ರಿನ್ಯೂವಲ್‌ನಲ್ಲಿ ಎನ್‌ಸಿಬಿ (ನೋ ಕ್ಲೇಮ್ ಬೋನಸ್, ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) 50% ಬಂದಿದೆ. ಕೋಟ್ ಹೀಗಿದೆ: ಓನ್ ಡ್ಯಾಮೇಜ್ (ನಮ್ಮ ಗಾಡಿಯ ಹಾನಿಗೆ) ಪ್ರೀಮಿಯಂ 10,000, ಎನ್‌ಸಿಬಿ ಕಳೆದು 5,000. ಥರ್ಡ್ ಪಾರ್ಟಿ (ಬೇರೆಯವರಿಗೆ ಆಗುವ ಹಾನಿಗೆ) 3,416. ಅದರ ಕೆಳಗೆ "ಎನ್‌ಸಿಬಿ ಪ್ರೊಟೆಕ್ಟ್" ಅಂತ 650 ರೂಪಾಯಿ ಸೇರಿಸಿದ್ದಾರೆ. ಝೀರೋ ಡೆಪ್ (ಕ್ಲೇಮ್‌ನಲ್ಲಿ ಬಿಡಿಭಾಗಗಳ ಸವಕಳಿ ಕಡಿತ ಮಾಡದ ಆಡ್ ಆನ್, ಅಂದರೆ ಹೆಚ್ಚುವರಿ ರಕ್ಷಣೆ) ತೆಗೆದುಕೊಂಡಿಲ್ಲ. ಈ 650 ಕೊಡಬೇಕಾ, ಬಿಡಬೇಕಾ? ಏಜೆಂಟ್ "ಹಾಕಿಸಿಬಿಡಿ" ಅಂತಾರೆ, ಯಾಕೆ ಅಂತ ಹೇಳಲ್ಲ.

ಉತ್ತರ (ಮೋಟಾರ್ ವಿಮಾ ಸಲಹೆಗಾರ):
ನಿಮ್ಮ ಸ್ಥಿತಿಯಲ್ಲಿ ಕೊಡಬಹುದು ಸರ್. ಆದರೆ ವರ್ಡಿಂಗ್‌ನಲ್ಲಿ (ಪಾಲಿಸಿಯ ಷರತ್ತುಗಳ ಪಠ್ಯದಲ್ಲಿ) ಕೆಲವು ಸಾಲು ನೋಡಿದ ಮೇಲೆ. ಕ್ಲೇಮ್ ಆದರೂ ಎನ್‌ಸಿಬಿ ಉಳಿಸುವ ಆಡ್ ಆನ್ ಇದು. ಮೊದಲು ಲೆಕ್ಕ ಹೇಳುತ್ತೇನೆ.

ಎನ್‌ಸಿಬಿ ಸಿಗುವುದು ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ, ಥರ್ಡ್ ಪಾರ್ಟಿಗೆ ಇಲ್ಲ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20%, ಆಮೇಲೆ 25, 35, 45, ಐದನೇ ವರ್ಷಕ್ಕೆ 50%. ಅಲ್ಲಿಗೆ ನಿಂತುಬಿಡುತ್ತದೆ. ಒಂದು ಕ್ಲೇಮ್ ಆದರೆ ಮುಂದಿನ ರಿನ್ಯೂವಲ್‌ನಲ್ಲಿ ನೇರ ಸೊನ್ನೆ. ಒಂದು ಮೆಟ್ಟಿಲು ಇಳಿಯುವುದಲ್ಲ, ಪೂರ್ತಿ ಹೋಗುತ್ತದೆ.

ಹಾಗಾಗಿ ನಷ್ಟ ಒಂದು ವರ್ಷದ್ದಲ್ಲ. 50% ಇರಬೇಕಾದ ಕಡೆ ಮೊದಲ ವರ್ಷ 0, ಎರಡನೇ ವರ್ಷ 20, ಆಮೇಲೆ 25, 35, 45. ಪ್ರತಿ ವರ್ಷ ಕೈತಪ್ಪುವುದನ್ನು ಕೂಡಿಸಿ: 50+30+25+15+5, ಒಟ್ಟು 125%. ಐಡಿವಿ (ವಿಮೆಗೆ ಹಿಡಿದ ಗಾಡಿಯ ಬೆಲೆ) ಇಳಿದಂತೆ ಓನ್ ಡ್ಯಾಮೇಜ್ ಪ್ರೀಮಿಯಂ ವರ್ಷಕ್ಕೆ 10% ಇಳಿಯುತ್ತದೆ ಅಂದುಕೊಂಡರೆ ನಿಮ್ಮ ಲೆಕ್ಕ 5,000 + 2,700 + 2,025 + 1,094 + 328, ಅಂದರೆ ಸುಮಾರು 11,150. ಇದರ ಮೇಲೆ 18% ಜಿಎಸ್‌ಟಿ. ಒಟ್ಟು ಸುಮಾರು 13,150 ರೂಪಾಯಿ.

ಪ್ರೊಟೆಕ್ಟ್‌ಗೆ ಜಿಎಸ್‌ಟಿ ಸೇರಿ 767. ಹದಿನೇಳು ವರ್ಷಕ್ಕೊಂದು ದೊಡ್ಡ ಕ್ಲೇಮ್ ಆದರೂ ಹೆಚ್ಚುಕಮ್ಮಿ ಕೊಟ್ಟ ದುಡ್ಡು ವಾಪಸ್ ಬಂದಂತೆ. ದಿನಾ ಪೇಟೆಯಲ್ಲಿ, ಹೈವೇಯಲ್ಲಿ ಓಡುವ ಗಾಡಿಗೆ ಇದು ಒಳ್ಳೆಯ ಬೆಲೆ. ಪ್ರೊಟೆಕ್ಟ್‌ಗೇ 1,800, 2,000 ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ವರ್ಡಿಂಗ್ ಪಿಡಿಎಫ್ ತೆಗೆದು ಇವಿಷ್ಟನ್ನು ಹುಡುಕಿ. ವರ್ಷಕ್ಕೆ ಎಷ್ಟು ಕ್ಲೇಮ್‌ವರೆಗೆ ರಕ್ಷಣೆ? ಕೆಲವು ಕಂಪನಿಯಲ್ಲಿ ಒಂದು, ಕೆಲವದರಲ್ಲಿ ಎರಡು. ಕ್ಲೇಮ್ ಆದ ಮೇಲೆ ಅದೇ 50% ಉಳಿಯುತ್ತದಾ, ಇಲ್ಲ ಒಂದು ಸ್ಲ್ಯಾಬ್ (ಮೆಟ್ಟಿಲು) ಇಳಿಸುತ್ತಾರಾ? ಗಾಡಿ ಕಳುವಾದರೆ, ಟೋಟಲ್ ಲಾಸ್ (ರಿಪೇರಿ ಮಾಡಲಾಗದಷ್ಟು ಹಾನಿ) ಆದರೆ ಅನ್ವಯಿಸುತ್ತದಾ? ಎಲ್ಲಕ್ಕಿಂತ ಮುಖ್ಯ, ರಕ್ಷಣೆ ಅದೇ ಕಂಪನಿಯಲ್ಲಿ ರಿನ್ಯೂ ಮಾಡಿದರೆ ಮಾತ್ರವಾ? ಈ ಷರತ್ತು ಹಲವು ಪಾಲಿಸಿಯಲ್ಲಿದೆ. ಇದ್ದರೆ, ಕ್ಲೇಮ್ ಆದ ವರ್ಷ ನೀವು ಬೇರೆ ಕಂಪನಿಗೆ ಹೋಗುವ ಹಾಗಿಲ್ಲ.

ಪ್ರಶ್ನೆ (ದಾವಣಗೆರೆ):
ತುಂಬಾ ಥ್ಯಾಂಕ್ಸ್ ಸರ್. ಅಂದರೆ ಪ್ರೊಟೆಕ್ಟ್ ಇದ್ದರೆ ಕ್ಲೇಮ್ ಆದ ಮೇಲೂ ಮುಂದಿನ ವರ್ಷ ಇಷ್ಟೇ ಪ್ರೀಮಿಯಂ ಬರುತ್ತಾ?

ಉತ್ತರ (ಮೋಟಾರ್ ವಿಮಾ ಸಲಹೆಗಾರ):
ಇಲ್ಲ ಸರ್, ಇಲ್ಲೇ ತುಂಬಾ ಜನ ತಪ್ಪು ತಿಳಿಯುವುದು. ಅದು ಕಾಯುವುದು ಶೇಕಡಾವಾರನ್ನು, ಪ್ರೀಮಿಯಂ ಮೊತ್ತವನ್ನಲ್ಲ. 2007ರ ಜನವರಿಯಿಂದ ಓನ್ ಡ್ಯಾಮೇಜ್ ದರವನ್ನು ಕಂಪನಿಗಳೇ ನಿಗದಿ ಮಾಡುತ್ತವೆ. ಈ ವರ್ಷ ನಿಮಗೆ ಕೊಟ್ಟಿರುವ 10,000 ಕಂಪನಿಯ ಡಿಸ್ಕೌಂಟ್ ಕಳೆದು ಬಂದ ಅಂಕಿ. ಕ್ಲೇಮ್ ಆದ ಗಾಡಿಗೆ ಆ ಡಿಸ್ಕೌಂಟ್ ಕಡಿಮೆ ಮಾಡಿ 13,000 ಮಾಡಿದರೆ, 50% ಉಳಿದರೂ ನೀವು ಕಟ್ಟುವುದು 6,500. ಆದರೂ ಪ್ರೊಟೆಕ್ಟ್ ಇಲ್ಲದಿದ್ದರೆ ಪೂರ್ತಿ 13,000 ಕಟ್ಟಬೇಕಿತ್ತು. ಹಾಗಾಗಿ ಲೆಕ್ಕ ಕೆಡುವುದಿಲ್ಲ, "ಏನೂ ಏರಲ್ಲ" ಅನ್ನುವ ಭರವಸೆ ಮಾತ್ರ ಸುಳ್ಳು.

ಇನ್ನೊಂದು: ಪಾಲಿಸಿ ಮುಗಿದು 90 ದಿನದೊಳಗೆ ರಿನ್ಯೂ ಮಾಡದಿದ್ದರೆ ಎನ್‌ಸಿಬಿ ಹೋಗುತ್ತದೆ. ಪ್ರೊಟೆಕ್ಟ್ ಇದ್ದರೂ ಅದು ಉಳಿಯುವುದಿಲ್ಲ.

ಪ್ರಶ್ನೆ (ಬೆಂಗಳೂರು, ಹೆಬ್ಬಾಳ):
ಸರ್, ನನ್ನದು ಹೊಸ ಕಾರು, ಮೊದಲ ವರ್ಷ ಮುಗಿಯಿತು, 20% ಬಂದಿದೆ. ನಾನೂ ತಗೋಬೇಕಾ?

ಉತ್ತರ (ಮೋಟಾರ್ ವಿಮಾ ಸಲಹೆಗಾರ):
ಸದ್ಯಕ್ಕೆ ಬೇಡ ಅನ್ನುತ್ತೇನೆ. 20% ಉಳಿಸಿಕೊಂಡವರು ಮುಂದೆ 20, 25, 35, 45, 50 ಹತ್ತುತ್ತಾರೆ, ಸೊನ್ನೆಗೆ ಬಿದ್ದವರು 0, 20, 25, 35, 45. ವ್ಯತ್ಯಾಸ 20+5+10+10+5, ಬರೀ 50%. 50% ಸ್ಲ್ಯಾಬ್‌ನವರು ಕಳೆದುಕೊಳ್ಳುವುದರ ಅರ್ಧವೂ ಅಲ್ಲ. ಕೆಲವು ಕಂಪನಿಗಳು ಕೆಳಗಿನ ಸ್ಲ್ಯಾಬ್‌ಗೆ ಈ ಆಡ್ ಆನ್ ಕೊಡುವುದೂ ಇಲ್ಲ. ಆ ದುಡ್ಡನ್ನು ಝೀರೋ ಡೆಪ್‌ಗೆ ಹಾಕಿ. ಹೊಸ ಗಾಡಿಗೆ ಮೊದಲು ಬೇಕಾದದ್ದು ಅದು. ಹೆಬ್ಬಾಳದ ಕಡೆ ಮಳೆಯಲ್ಲಿ ಅಂಡರ್‌ಪಾಸ್ ನೀರು ತುಂಬುವ ದಾರಿಯಲ್ಲಿ ಓಡಾಡುವುದಾದರೆ ಇಂಜಿನ್ ಪ್ರೊಟೆಕ್ಟ್ ಕೂಡ. ಎನ್‌ಸಿಬಿ ಪ್ರೊಟೆಕ್ಟ್ ಬಗ್ಗೆ 35 ಅಥವಾ 45% ಮುಟ್ಟಿದ ಮೇಲೆ ಯೋಚಿಸಿ.

ಉತ್ತರ (ಸರ್ವೇಯರ್, ಶಿವಮೊಗ್ಗ):
ಕ್ಲೇಮ್ ಬಂದಾಗ ಗಾಡಿಯ ಹಾನಿ ಅಂದಾಜು ಮಾಡುವುದು ನನ್ನ ಕೆಲಸ. ದಾವಣಗೆರೆಯವರ ಕೇಸಿಗೆ ಇನ್ನೊಂದು ವಿಷಯ ಸೇರಿಸುತ್ತೇನೆ. ಝೀರೋ ಡೆಪ್ ಇಲ್ಲದ ಐದು ವರ್ಷ ದಾಟಿದ ಗಾಡಿಗೆ ಕ್ಲೇಮ್‌ನಲ್ಲಿ ಕೈಗೆ ಬರುವುದು ಎಷ್ಟು ಅನ್ನುವುದು ಮುಖ್ಯ. ಮುಂದೆ ಗುದ್ದಿದ ಸಾಧಾರಣ ಎಸ್ಟಿಮೇಟ್ ಒಂದನ್ನು ಬಿಡಿಸಿ ನೋಡೋಣ, ಎಲ್ಲವೂ ತೆರಿಗೆ ಸೇರಿದ ಅಂಕಿ ಅಂದುಕೊಳ್ಳಿ.

ಬಂಪರ್ 4,200: ಪ್ಲಾಸ್ಟಿಕ್, 50% ಡಿಪ್ರಿಸಿಯೇಶನ್ (ಸವಕಳಿ ಕಡಿತ), ಸಿಗುವುದು 2,100.
ಹೆಡ್‌ಲ್ಯಾಂಪ್ 5,600: ಇದೂ ಪ್ಲಾಸ್ಟಿಕ್ ಲೆಕ್ಕ, 2,800.
ಫೆಂಡರ್ 2,400: ಲೋಹ, ಐದರಿಂದ ಹತ್ತು ವರ್ಷದ ಗಾಡಿಗೆ 40% ಕಡಿತ, 1,440.
ಪೇಂಟಿಂಗ್ 6,000: ಇದರಲ್ಲಿ ಕಾಲು ಭಾಗ ಬಣ್ಣದ ಸಾಮಗ್ರಿ ಎಂದು ಹಿಡಿದು ಅದರ ಅರ್ಧ ಕಡಿತ, 5,250.
ಲೇಬರ್ 1,800: ಪೂರ್ತಿ.

ಬಿಲ್ 20,000. ಮಂಜೂರಾಗುವುದು 13,390. 1500 ಸಿಸಿವರೆಗಿನ ಕಾರಿಗೆ ಕಂಪಲ್ಸರಿ ಡಿಡಕ್ಟಿಬಲ್ (ಪ್ರತಿ ಕ್ಲೇಮ್‌ನಲ್ಲಿ ನಾವೇ ಭರಿಸಬೇಕಾದ ಮೊತ್ತ) 1,000 ಕಳೆದರೆ 12,390. ಪ್ರೊಟೆಕ್ಟ್ ಇಲ್ಲದಿದ್ದರೆ ಈ 12,390 ತೆಗೆದುಕೊಂಡು ಮುಂದಿನ ಐದು ವರ್ಷದಲ್ಲಿ 13,150 ಕಳೆದುಕೊಳ್ಳುತ್ತೀರಿ. ಇಪ್ಪತ್ತು ಸಾವಿರದ ಬಿಲ್‌ಗೂ ಕ್ಲೇಮ್ ಮಾಡದಿರುವುದೇ ವಾಸಿ! ಪ್ರೊಟೆಕ್ಟ್ ಇದ್ದರೆ ಧೈರ್ಯವಾಗಿ ಕ್ಲೇಮ್ ಮಾಡಬಹುದು. ಮೂರ್ನಾಲ್ಕು ಸಾವಿರದ ಗೀರಿಗೆ ಮಾತ್ರ ಪ್ರೊಟೆಕ್ಟ್ ಇದ್ದರೂ ಕ್ಲೇಮ್ ಹಾಕಬೇಡಿ. ವರ್ಷಕ್ಕೆ ಒಂದೇ ಕ್ಲೇಮ್‌ನ ರಕ್ಷಣೆಯಾದರೆ ಅದು ಅಲ್ಲೇ ಮುಗಿದುಹೋಗುತ್ತದೆ, ಅದೇ ವರ್ಷ ದೊಡ್ಡದು ಬಿದ್ದರೆ 50% ಪೂರ್ತಿ ಹೋಯಿತು.

ಮುಂದಿನ ಗಾಜಿಗೆ ಡಿಪ್ರಿಸಿಯೇಶನ್ ಇಲ್ಲ, ಆದರೆ ಪ್ರೊಟೆಕ್ಟ್ ಇಲ್ಲದ ಪಾಲಿಸಿಯಲ್ಲಿ ಬರೀ ಗಾಜಿನ ಕ್ಲೇಮ್ ಕೂಡ ಎನ್‌ಸಿಬಿಯನ್ನು ತೆಗೆಯುತ್ತದೆ. ಹೈವೇಯಲ್ಲಿ ಕಲ್ಲು ಸಿಡಿದು ಗಾಜು ಬಿರಿದಾಗ ಇದನ್ನು ಯೋಚಿಸದೆ ಕ್ಲೇಮ್ ಹಾಕುವವರು ಬಹಳ.

ಪ್ರಶ್ನೆ (ಮೈಸೂರು):
ಸರ್, ಹಿಂದಿನಿಂದ ಬೇರೆಯವರು ಬಂದು ಗುದ್ದಿದರೂ ನಮ್ಮ ಎನ್‌ಸಿಬಿ ಹೋಗುತ್ತಾ? ತಪ್ಪು ನಮ್ಮದಲ್ಲವಲ್ಲ. ಮತ್ತೆ, ಒಮ್ಮೆ ಕ್ಲೇಮ್ ಇಂಟಿಮೇಟ್ ಮಾಡಿದರೆ (ಕಂಪನಿಗೆ ತಿಳಿಸಿದರೆ) ಹಿಂದೆ ತಗೊಳ್ಳೋಕಾಗುತ್ತಾ?

ಉತ್ತರ (ಸರ್ವೇಯರ್, ಶಿವಮೊಗ್ಗ):
ಹೋಗುತ್ತದೆ ಮೇಡಂ. ಇಲ್ಲಿ ತಪ್ಪು ಯಾರದು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ನಿಮ್ಮ ಪಾಲಿಸಿಯ ಓನ್ ಡ್ಯಾಮೇಜ್‌ನಿಂದ ದುಡ್ಡು ಹೋಯಿತಾ ಅನ್ನುವುದಷ್ಟೇ. ಗುದ್ದಿದವರ ಥರ್ಡ್ ಪಾರ್ಟಿ ವಿಮೆಯಿಂದ ಕೇಳುವ ಹಕ್ಕು ನಿಮಗಿದೆ, ಆದರೆ ಎಫ್‌ಐಆರ್, ಮೋಟಾರು ಅಪಘಾತ ನ್ಯಾಯಮಂಡಳಿ ಅಂತ ದಾರಿ ಉದ್ದ. ಸಣ್ಣ ಡ್ಯಾಮೇಜ್ ಆದರೆ ಅವರೇ ಗ್ಯಾರೇಜ್ ಬಿಲ್ ಕೊಡಲಿ ಎಂದು ಬರೆಸಿಕೊಳ್ಳುವುದು ಸುಲಭ. ಉಲ್ಟಾ ಕೇಸೂ ತಿಳಿದಿರಲಿ: ನಿಮ್ಮ ಗಾಡಿಯಿಂದ ಬೇರೆಯವರಿಗೆ ಏಟಾಗಿ ಅವರು ಥರ್ಡ್ ಪಾರ್ಟಿ ಕ್ಲೇಮ್ ಮಾತ್ರ ಮಾಡಿದರೆ ನಿಮ್ಮ ಎನ್‌ಸಿಬಿಗೆ ಏನೂ ಆಗುವುದಿಲ್ಲ.

ಇಂಟಿಮೇಟ್ ಮಾಡಿ, ಸರ್ವೆ ಆಗಿ, ಎಸ್ಟಿಮೇಟ್ ನೋಡಿ ಬೇಡ ಅನ್ನಿಸಿದರೆ ದುಡ್ಡು ಪಾವತಿಯಾಗುವ ಮೊದಲು ವಿತ್‌ಡ್ರಾ ಮಾಡಬಹುದು. ಫೋನಿನಲ್ಲಿ ಹೇಳಿ ಬಿಡಬೇಡಿ. ಕ್ಲೇಮ್ ನಂಬರ್ ಹಾಕಿ ಮೇಲ್ ಮಾಡಿ, "ಪಾವತಿ ಸೊನ್ನೆ, ಕ್ಲೇಮ್ ಮುಚ್ಚಲಾಗಿದೆ" ಎಂಬ ಉತ್ತರ ತರಿಸಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ರಿನ್ಯೂವಲ್ ಸಮಯದಲ್ಲಿ ಸಿಸ್ಟಂನಲ್ಲಿ ಕ್ಲೇಮ್ ತೆರೆದೇ ಇದ್ದು ಎನ್‌ಸಿಬಿ ಸೊನ್ನೆ ತೋರಿಸುವುದುಂಟು.

ಪ್ರಶ್ನೆ (ಮಂಗಳೂರು):
ನಾನು ಮುಂದಿನ ವರ್ಷ ಈ ಕಾರು ಮಾರಿ ಹೊಸದು ತೆಗೆಯುವವ. ಹಾಗಾದರೆ ಪ್ರೊಟೆಕ್ಟ್ ವೇಸ್ಟ್ ಅಲ್ಲವಾ? ಮತ್ತೆ ನಮ್ಮ ಅಣ್ಣ ದುಬೈಯಿಂದ ವಾಪಸ್ ಬರ್ತಿದ್ದಾರೆ, ಅವರಿಗೆ ಅಲ್ಲಿಯ ನೋ ಕ್ಲೇಮ್ ಇಲ್ಲಿ ಸಿಗ್ತದಾ?

ಉತ್ತರ (ಮೋಟಾರ್ ವಿಮಾ ಸಲಹೆಗಾರ):
ಉಲ್ಟಾ ಸರ್, 50% ಅತಿ ಹೆಚ್ಚು ಬೆಲೆಬಾಳುವುದು ನಿಮ್ಮಂಥವರಿಗೇ. ಎನ್‌ಸಿಬಿ ಗಾಡಿಯದ್ದಲ್ಲ, ಮಾಲೀಕರದ್ದು. ಹೊಸ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂ 24,000 ಆದರೆ ಅದರಲ್ಲಿ 12,000, ಜಿಎಸ್‌ಟಿ ಸೇರಿ 14,160 ಒಂದೇ ವರ್ಷದಲ್ಲಿ ಉಳಿಯುತ್ತದೆ.

ಹಳೆ ಕಾರು ಮಾರಿದ ಮೇಲೆ ಫಾರ್ಮ್ 29, 30ರ (ಆರ್‌ಟಿಒದಲ್ಲಿ ಮಾಲೀಕತ್ವ ವರ್ಗಾಯಿಸುವ ಫಾರ್ಮ್‌ಗಳು) ಪ್ರತಿ, ಹೊಸ ಮಾಲೀಕರ ಹೆಸರಿನ ಆರ್‌ಸಿ ಪ್ರತಿ, ಪಾಲಿಸಿ ಪ್ರತಿ ಕೊಟ್ಟು ಕಂಪನಿಯಿಂದ ಎನ್‌ಸಿಬಿ ರಿಟೆನ್ಶನ್ ಪತ್ರ (ಗಳಿಸಿದ ಎನ್‌ಸಿಬಿ ನಿಮ್ಮದಾಗಿ ಉಳಿದಿದೆ ಎಂಬ ದಾಖಲೆ) ತೆಗೆದುಕೊಳ್ಳಿ. ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಹಳೆ ಕಾರನ್ನು ಷೋರೂಂಗೆ ಎಕ್ಸ್‌ಚೇಂಜ್ ಕೊಡುವಾಗಲೂ ಇದನ್ನು ಕೇಳಿ ಪಡೆಯಿರಿ, ಅವರಾಗಿ ನೆನಪು ಮಾಡುವುದು ಅಪರೂಪ. ಈ ನಡುವೆ ಕ್ಲೇಮ್ ಆಗಿ ಪ್ರೊಟೆಕ್ಟ್‌ನಿಂದ 50% ಉಳಿದಿದ್ದರೆ ಒಂದು ತೊಡಕಿದೆ: ಬೇರೆ ಕಂಪನಿ ಅದನ್ನು ಒಪ್ಪದೇ ಹೋಗಬಹುದು. ಈಗಲೇ ನಿಮ್ಮ ಕಂಪನಿಗೆ "ಪ್ರೊಟೆಕ್ಟ್ ಬಳಸಿದ ಮೇಲೂ ರಿಟೆನ್ಶನ್ ಪತ್ರದಲ್ಲಿ 50% ಬರೆಯುತ್ತೀರಾ, ಹೊಸ ಕಾರಿಗೆ ನಡೆಯುತ್ತದಾ" ಎಂದು ಮೇಲ್ ಮಾಡಿ ಉತ್ತರ ತರಿಸಿ. ಇಲ್ಲ ಅಂದರೆ ಹೊಸ ಕಾರಿನ ವಿಮೆಯನ್ನೂ ಅದೇ ಕಂಪನಿಯಲ್ಲಿ ಮಾಡಿಸುವುದಾದರೆ ಕೊಡುತ್ತೀರಾ ಎಂದು ಕೇಳಿ.

ಕ್ಲೇಮ್ ಮುಚ್ಚಿಟ್ಟು ಹೊಸ ಕಂಪನಿಗೆ 50% ಎಂದು ಬರೆದುಕೊಡಬೇಡಿ. ಅವರು ಹಳೆ ಕಂಪನಿಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಸುಳ್ಳು ಎಂದು ತಿಳಿದರೆ ಓನ್ ಡ್ಯಾಮೇಜ್ ಭಾಗದ ಲಾಭವೇ ರದ್ದಾಗುತ್ತದೆ, ಆಗ ಅಪಘಾತವಾದರೆ ಪೂರ್ತಿ ಖರ್ಚು ನಿಮ್ಮ ತಲೆಗೆ.

ನಿಮ್ಮ ಅಣ್ಣನಿಗೂ ಅವಕಾಶವಿದೆ. ವಿದೇಶದಲ್ಲಿ ಗಳಿಸಿದ ನೋ ಕ್ಲೇಮ್ ರಿಯಾಯಿತಿಯನ್ನು ಇಲ್ಲಿಯ ಸ್ಲ್ಯಾಬ್ ಪ್ರಕಾರ ಕೊಡಬಹುದು ಎಂದು ಮೋಟಾರ್ ಟ್ಯಾರಿಫ್ (ವಾಹನ ವಿಮೆಯ ನಿಯಮಾವಳಿ) ನಿಯಮದಲ್ಲೇ ಇದೆ. ಅಲ್ಲಿಯ ಪಾಲಿಸಿ ಮುಗಿದು ಮೂರು ವರ್ಷದೊಳಗೆ ಇಲ್ಲಿ ಪಾಲಿಸಿ ಮಾಡಿಸಿರಬೇಕು. ದುಬೈ ಬಿಡುವ ಮೊದಲೇ ಅಲ್ಲಿಯ ವಿಮಾ ಕಂಪನಿಯಿಂದ ಲೆಟರ್‌ಹೆಡ್ ಮೇಲೆ, ಎಷ್ಟು ವರ್ಷ ಕ್ಲೇಮ್ ಇಲ್ಲ ಎಂದು ಅವರ ಹೆಸರು, ಗಾಡಿ ನಂಬರ್, ಪಾಲಿಸಿ ಅವಧಿ ಸಮೇತ ಬರೆಸಿಕೊಂಡು ಬರಲಿ. ಇಲ್ಲಿಗೆ ಬಂದ ಮೇಲೆ ಆ ಪತ್ರ ತರಿಸುವುದು ಕಷ್ಟ.