ಸಹಾಯ ಬೇಕು: ಗರಗದ ಎಣ್ಣೆ ಮುಗ್ಗಲು ಹಿಡಿಯುತ್ತಿದೆ

ಗರಗದ ಸೊಪ್ಪಿನ ತಲೆಎಣ್ಣೆ ಕಾಯಿಸಿ ಗೊತ್ತಿರುವವರು ದಯವಿಟ್ಟು ಹೇಳಿ. ಸೋಸಿದಾಗ ಘಮ್ಮೆನ್ನುವ ಎಣ್ಣೆ ಬಾಟಲಿಯಲ್ಲಿ ಎರಡು ಮೂರು ವಾರಕ್ಕೇ ಮುಗ್ಗಲು ವಾಸನೆ ಬರುತ್ತಿದೆ, ತಳದಲ್ಲಿ ಕಪ್ಪು ಗಸಿ ಕೂರುತ್ತಿದೆ.

ಗಿಡದ ಬಗ್ಗೆ ಅನುಮಾನವಿಲ್ಲ. ಬಿಳಿ ಹೂವಿನದ್ದೇ. ದಂಟು ಮುರಿದರೆ ತುದಿ ಕೆಲವೇ ನಿಮಿಷದಲ್ಲಿ ಕಪ್ಪಾಗುತ್ತದೆ, ಬೆರಳಿಗೂ ಕರೆ ಹತ್ತುತ್ತದೆ. 250 ಮಿ.ಲೀ. ಎಳ್ಳೆಣ್ಣೆಗೆ 1 ಲೀಟರ್ ರಸ, ಅರೆದ ಸೊಪ್ಪಿನ ಕಲ್ಕ ಸುಮಾರು 30 ಗ್ರಾಂ. ದಪ್ಪ ತಳದ ಪಾತ್ರೆ, ಸಣ್ಣ ಉರಿ. ಕಲ್ಕ ತಳ ಹಿಡಿದರೆ ಇಡೀ ಎಣ್ಣೆಗೆ ಸೀದ ವಾಸನೆ ಬರುವುದರಿಂದ ಸೌಟು ಆಡಿಸುತ್ತಲೇ ಇರಬೇಕು. ಕಲ್ಕ ಹೊಸೆದರೆ ಬತ್ತಿಯಾಗಿ, ಉರಿಗೆ ಹಿಡಿದಾಗ ಚಟಪಟ ಅನ್ನದೆ, ಎಣ್ಣೆಯ ಮೇಲೆ ನೊರೆ ಎದ್ದ ಮೇಲೆ ಇಳಿಸಿ ಬಿಸಿಯಲ್ಲೇ ಬಟ್ಟೆಯಲ್ಲಿ ಸೋಸುವುದು.

ನನ್ನ ಗುಮಾನಿ ಬಟ್ಟೆ ಹಿಂಡಿದಾಗ ಕೊನೆಗೆ ಬರುವ ಎಣ್ಣೆಯ ಮೇಲೆ. ಕಲ್ಕದ ಒಳಗಿನ ತೇವ ಅದರಲ್ಲೇ ಇಳಿಯುತ್ತದೆಯೇ? ಅದನ್ನು ಬೇರೆಯೇ ಇಡುತ್ತೀರಾ?

ಇನ್ನೊಂದು. ಮೈಗೆ, ತಲೆಗೆ ಹಚ್ಚುವ ಎಣ್ಣೆಗೆ ಖರಪಾಕ, ಅಂದರೆ ಕಲ್ಕ ಸ್ವಲ್ಪ ಗಟ್ಟಿಯಾಗುವವರೆಗೆ ಕಾಯಿಸುವ ಹದ, ನಡೆಯುತ್ತದೆ ಎಂದು ಆಯುರ್ವೇದ ಹೇಳುತ್ತದೆ. ಹಾಗಾದರೆ ಕಲ್ಕ ಗರಿಗರಿಯಾಗುವವರೆಗೆ ಬಿಡಬಹುದೇ? ಅಲ್ಲಿಂದ ಸುಟ್ಟು ಹಾಳಾಗುವುದಕ್ಕೆ ಹೆಚ್ಚು ಹೊತ್ತು ಬೇಡ. ಆ ಗಡಿಯನ್ನು ಬಣ್ಣದಿಂದ ಹಿಡಿಯುತ್ತೀರೋ, ವಾಸನೆಯಿಂದಲೋ?

ವಿಟಮಿನ್ ಇ ಬೆರೆಸಿ ಎನ್ನುವ ಸಲಹೆ ಬೇಡ. ಅದು ಎಣ್ಣೆ ಕಮಟುವುದನ್ನು ತಡಮಾಡಬಹುದು, ಉಳಿದ ನೀರನ್ನು ತೆಗೆಯುವುದಿಲ್ಲ. ಹಸಿ ಸೊಪ್ಪಿನ ಬದಲು ನೆರಳಲ್ಲಿ ಒಣಗಿಸಿದ ಸೊಪ್ಪಿನ ಕಷಾಯ ಹಾಕಿ ಕಾಯಿಸಿದವರಿದ್ದರೆ ಅಳತೆ ಸಮೇತ ತಿಳಿಸಿ.